ಬಣ್ಣದ ಕೆಳಗಿನ ತಗಡು

ಹಳೆಯ ಕಾರು ಕೊಳ್ಳಲು ಹೋದ ಹೊಸಬರು ಮೊದಲು ಬಾನೆಟ್ ಎತ್ತಿಸುತ್ತಾರೆ. ಪಳಗಿದವರು ನೆಲಕ್ಕೊಂದು ಗೋಣಿಚೀಲ ಹಾಸಿ ಕಾರಿನ ಅಡಿಗೆ ನುಸುಳುತ್ತಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಕ್ರೂಡ್ರೈವರು, ಜೇಬಿನಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗುತ್ತಾರೆ. ಟಣ್ಣೆಂದರೆ ಅಲ್ಲಿ ಉಕ್ಕಿದೆ. ದಪ್ಪೆಂದು ಮಂದ ಸದ್ದು ಬಂದರೆ ಪುಟ್ಟಿ ಮೆತ್ತಿದ್ದಾರೆ. ಅಯಸ್ಕಾಂತವೂ ಹಿಡಿಯದೆ ಜಾರಿತೋ, ಇನ್ನು ಅನುಮಾನ ಬೇಡ. ಅಂಥ ಕಡೆ ತುದಿಯಿಂದ ಸ್ವಲ್ಪ ಒತ್ತಿ, ಸ್ಕ್ರೂಡ್ರೈವರು ಒಳಕ್ಕೆ ಹೊಕ್ಕು ಕಂದು ಪುಡಿ ಮುಖದ ಮೇಲೆ ಉದುರಿದರೆ ಆ ಕಾರಿಗೆ ನಿಜವಾಗಿ ಎಷ್ಟು ಖರ್ಚಿದೆ ಎಂಬುದು ತಿಳಿಯುವುದು ಆಗಲೇ.

ಎಂಜಿನ್ ಕೆಟ್ಟಿದ್ದರೆ ಲೇತ್ ಇರುವ ಯಾವ ಊರಲ್ಲಾದರೂ ದಾರಿ ಉಂಟು. ರಿಬೋರ್ ಮಾಡಿಸಬಹುದು, ವಾಲ್ವ್ ಉಜ್ಜಿಸಬಹುದು, ಸವೆದ ಬುಷ್ ಕಡೆಯಿಸಬಹುದು. ಗೇರ್‌ಬಾಕ್ಸು ಹುಡುಕಿದರೆ ಗುಜರಿಯಲ್ಲಿ ಸಿಕ್ಕೀತು. ತಗಡಿಗೆ ಅಂಥ ಅಂಗಡಿ ಇಲ್ಲ. ಐವತ್ತು ವರ್ಷದ ಹಿಂದೆ ಭಾರಿ ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಮಡ್ಗಾರ್ಡಿನ ಅಚ್ಚು ಇಂದು ಎಲ್ಲೂ ಉಳಿದಿಲ್ಲ. ಆ ಬಾಗು, ಆ ಅಂಚು, ಆ ಗೆರೆ ಮತ್ತೆ ಹುಟ್ಟಬೇಕಾದರೆ ಯಾರೋ ಒಬ್ಬರು ಸುತ್ತಿಗೆ ಹಿಡಿದು ಕೂರಬೇಕು. ಹಳೆಯ ಕಾರನ್ನು ಉಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ತಗಡಿನದೇ. ಬಣ್ಣ, ಕ್ರೋಮು, ಸೀಟು ಎಲ್ಲ ಆಮೇಲಿನ ಮಾತು.

ಫಿಯೆಟ್ 1100 ಎಂಬ ಗಾಡಿಯನ್ನೇ ತೆಗೆದುಕೊಳ್ಳಬಹುದು. ಇಟಲಿಯ ಟ್ಯುರಿನ್‌ನಲ್ಲಿ ದಾಂತೆ ಜಕೋಸಾ ಎಂಬ ಎಂಜಿನಿಯರ ಕೈಯಲ್ಲಿ ರೂಪುಗೊಂಡು 1953ರಲ್ಲಿ ಹೊರಬಂದ ಈ ಮಾದರಿಯನ್ನು ಮರುವರ್ಷದಿಂದಲೇ ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಇಲ್ಲಿ ತಯಾರಿಸತೊಡಗಿತು. ಮೊದಮೊದಲ ಗಾಡಿಗಳಲ್ಲಿ ಮುಂದಿನ ಬಾಗಿಲಿಗೆ ಹಿಂಬದಿಯಲ್ಲಿ ಕೀಲು; ಬಾಗಿಲು ತೆರೆಯುವ ರೀತಿಯೇ ಬೇರೆ. ಆಮೇಲೆ ಎಲಿಗಂಟ್, ಸೂಪರ್ ಸೆಲೆಕ್ಟ್, 1100 ಡಿ ಎಂದು ಹೆಸರೂ ಮೈಕಟ್ಟೂ ಬದಲಾಗುತ್ತ ಬಂದವು. 1970ರ ದಶಕದ ಆರಂಭದಲ್ಲಿ ಅದು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲಿ ಹ್ಯಾಂಡ್ ಗೇರು, ಹಿಂದೆ ಪಟ್ಟಿ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹಣ ಕಟ್ಟಿದ ಮೇಲೂ ಕಾರು ಮನೆಗೆ ಬರಲು ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ ಪದ್ಮಿನಿಗಳಲ್ಲಿ ಕೊನೆಯದು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ಈ ಕಾರಿಗೂ ಮೈಸೂರು ಸಂಸ್ಥಾನಕ್ಕೂ ಒಂದು ನಂಟಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಹಠ ಹಿಡಿದು ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಖುದ್ದಾಗಿ ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ಸೇರಿಕೊಂಡರು. ಕಾರ್ಖಾನೆ ಬೆಂಗಳೂರಿಗೆ ಬರಬೇಕೆಂಬ ಮಾತು ಬಲವಾಗಿತ್ತು, ಮೈಸೂರು ಸರ್ಕಾರ ನೆರವಿಗೂ ಮುಂದಾಗಿತ್ತು. ಬ್ರಿಟಿಷ್ ಸರ್ಕಾರ ಅಡ್ಡ ಬಂತು, ಬೆಂಗಳೂರಿನ ಯೋಜನೆ ಬಿದ್ದುಹೋಯಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುಮಾಡಿದರು, 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಬೆಂಗಳೂರಿನ ಪಾಲಿಗೆ ವಿಮಾನ ಬಂತು, ಕಾರು ಕೈತಪ್ಪಿತು. ಇಂದು ಸಕಲೇಶಪುರದಲ್ಲೋ ಶಿರಸಿಯಲ್ಲೋ ಯಾರಾದರೂ ಒಂದು ಫಿಯೆಟ್ಟಿನ ತುಕ್ಕು ಕೆರೆಯುತ್ತಿದ್ದರೆ, ವಿಶ್ವೇಶ್ವರಯ್ಯನವರ ನನಸಾಗದ ಆಸೆಯ ಒಂದು ತುಂಡು ಅವರ ಕೈಯಲ್ಲಿದೆ ಎನ್ನಬೇಕು.

ಒಂದು ಮನೆ ಈ ಕಾರಿಗಾಗಿ ಎಷ್ಟು ಹೆಣಗುತ್ತಿತ್ತು ಎಂಬುದಕ್ಕೆ ದೆಹಲಿಯಲ್ಲೊಂದು ಸಾಕ್ಷಿ ನಿಂತಿದೆ. ಲಾಲ್ ಬಹಾದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಮನೆಯವರ ಒತ್ತಾಯಕ್ಕೆ ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ. ಕೈಯಲ್ಲಿ ಅಷ್ಟಿರಲಿಲ್ಲ, ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ತೆಗೆದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿಯಿತ್ತು. ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಲ್ಲಿ ಅದನ್ನು ತೀರಿಸಿದರು. ಆ ಕಾರು ಶಾಸ್ತ್ರಿಯವರ ಸ್ಮಾರಕ ಭವನದಲ್ಲಿ ಇಂದಿಗೂ ಇದೆ. ಅದನ್ನು ನೋಡಲು ಬಂದವರಲ್ಲಿ ಯಾರೂ ಅದರ ಪಾಲಿಶ್ ಎಷ್ಟು ಹೊಳೆಯುತ್ತದೆ ಎಂದು ನೋಡುವುದಿಲ್ಲ.

ಫಿಯೆಟ್ ಜೀಪಿನ ಹಾಗೆ ಚಾಸಿಯ ಮೇಲೆ ಕೂರಿಸಿದ ಗಾಡಿಯಲ್ಲ. ಜೀಪಿನ ಬಾಡಿ ಪೂರ್ತಿ ಕೊಳೆತರೂ ಕೆಳಗಿನ ಚೌಕಟ್ಟು ಗಟ್ಟಿಯಾಗಿ ನಿಂತಿರುತ್ತದೆ. ಬೋಲ್ಟು ಬಿಚ್ಚಿ ಬಾಡಿ ಇಳಿಸಿ ಇನ್ನೊಂದು ಏರಿಸಿದರಾಯಿತು. ಫಿಯೆಟ್ಟಿನಲ್ಲೂ ಅಂಬಾಸಡರಿನಲ್ಲೂ ಆ ಚೌಕಟ್ಟೇ ಇಲ್ಲ. ತಳದ ತಗಡು, ಬದಿಯ ಟೊಳ್ಳು, ಚಾವಣಿಯ ಕಂಬ ಎಲ್ಲವನ್ನೂ ಸ್ಪಾಟ್ ವೆಲ್ಡಿಂಗಿನಲ್ಲಿ ಬೆಸೆದು ಇಡೀ ಮೈಯನ್ನೇ ಭಾರ ಹೊರುವಂತೆ ಮಾಡಿದ್ದಾರೆ. ಹಾಗಾಗಿ ಬಾಗಿಲ ಕೆಳಗೆ ಎದ್ದ ತುಕ್ಕು ಬರೀ ಅಂದದ ವಿಷಯವಾಗಿ ಉಳಿಯುವುದಿಲ್ಲ. ಕಾರಿನ ಬೆನ್ನು ಬಾಗುತ್ತದೆ. ಮುಚ್ಚಿದ ಬಾಗಿಲು ತೆರೆಯದೆ ಹೋಗುವುದು, ತೆರೆದ ಬಾಗಿಲು ಮುಚ್ಚದೆ ಹೋಗುವುದು ಅದರ ಗುರುತು.

ತುಕ್ಕು ಹಿಡಿಯುವ ಜಾಗಗಳನ್ನು ಅನುಭವಿ ಟಿಂಕರು ಕಣ್ಣು ಮುಚ್ಚಿ ಹೇಳಬಲ್ಲ. ಬಾಗಿಲುಗಳ ಕೆಳಅಂಚು, ಏಕೆಂದರೆ ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲೊಳಗೇ ಇಳಿದು ಕೆಳಗಿನ ಸಣ್ಣ ತೂತುಗಳಿಂದ ಹೊರಹೋಗಬೇಕು; ಆ ತೂತಿಗೆ ಎಲೆ ಧೂಳು ಕಟ್ಟಿತೆಂದರೆ ಬಾಗಿಲು ತೊಟ್ಟಿಯಾಗುತ್ತದೆ. ಬ್ಯಾಟರಿ ಕೂರುವ ತಟ್ಟೆ, ಅಲ್ಲಿ ಆಸಿಡ್ ತುಳುಕಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ. ಮುಂದಿನ ಗಾಜಿನ ರಬ್ಬರಿನ ಅಡಿ. ಮ್ಯಾಟಿನ ಕೆಳಗಿನ ನೆಲ. ಚಕ್ರದ ಮೇಲಿನ ಕಮಾನಿನಲ್ಲಿ ಕೆಸರು ಗಟ್ಟಿಯಾಗಿ ಕೂತ ಮಡಿಕೆ. ಹಿಂದಿನ ಪಟ್ಟಿ ಸ್ಪ್ರಿಂಗು ಬಾಡಿಗೆ ಸೇರುವ ಮೂಲೆ, ಎಲ್ಲಕ್ಕಿಂತ ಅಪಾಯದ್ದು ಅದು. ಎಲ್ಲ ಕಡೆಯೂ ಕಾರಣ ಒಂದೇ: ನೀರು ಬಂತು, ಹೋಗಲು ದಾರಿ ಕಾಣಲಿಲ್ಲ.

ಕಬ್ಬಿಣ, ನೀರು, ಆಮ್ಲಜನಕ, ಈ ಮೂರು ಕೂಡಿದರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ಇನ್ನೂ ಬೇಗ. ಹುಟ್ಟಿದ ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಮೇಲಿನ ಬಣ್ಣ ಹಪ್ಪಳದಂತೆ ಉಬ್ಬುತ್ತದೆ. ಉಬ್ಬು ಕಂಡಿತೆಂದರೆ ಕೆಲಸ ಒಳಗಿನಿಂದ ಎಂದೋ ಶುರುವಾಗಿದೆ. ಗಾಳಿಯ ತೇವ ಶೇಕಡ 60 ದಾಟಿದ ಮೇಲೆ ಈ ಕ್ರಿಯೆ ಚುರುಕಾಗುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ಹಾಗೇ ಇರುತ್ತದೆ. 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿಯೂ ಬೀಸುವ ಮಂಗಳೂರಿನ ಕಾರಿಗೂ ಚಿತ್ರದುರ್ಗ, ಬಳ್ಳಾರಿಗಳ ಕಾರಿಗೂ ಒಂದೇ ವಯಸ್ಸಿದ್ದರೂ ಒಂದೇ ಮೈಯಿರುವುದಿಲ್ಲ. ಬಯಲುಸೀಮೆಯ ಕಾರಿನ ಬಣ್ಣ ಬಿಸಿಲಿಗೆ ಸುಟ್ಟು ಸೀಟು ಒಡೆದಿರಬಹುದು, ತಳ ಮಾತ್ರ ಗಟ್ಟಿ. ಆಯ್ಕೆಯಿದ್ದರೆ ಅದನ್ನೇ ಆರಿಸಬೇಕು.

ಆದರೆ ಬಹಳ ಸಲ ಆಯ್ಕೆ ಇರುವುದಿಲ್ಲ. ತಾತ ಓಡಿಸಿದ ಕಾರು, ಮದುವೆಯಾಗಿ ಅಮ್ಮ ಬಂದಿಳಿದ ಕಾರು ಎಲ್ಲಿತ್ತೋ ಅಲ್ಲಿಯದೇ. ಅದನ್ನು ಕಾಪಾಡಬೇಕೆಂದು ಮನೆಯವರು ಮಾಡುವ ಮೊದಲ ಕೆಲಸ ದಪ್ಪ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು. ಇದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ. ನೆಲದಿಂದ ಏಳುವ ತೇವ ಪ್ಲಾಸ್ಟಿಕ್ಕಿನ ಕೆಳಗೆ ಸಿಕ್ಕಿಕೊಂಡು ರಾತ್ರಿ ತಗಡಿನ ಮೇಲೆ ಹನಿಯಾಗುತ್ತದೆ, ಹಗಲು ಆವಿಯಾಗಿ ಮತ್ತೆ ಅಲ್ಲೇ ಸುತ್ತುತ್ತದೆ. ನಾಲ್ಕೂ ಕಡೆ ಗಾಳಿಯಾಡುವ ಹಳೆಯ ಹೆಂಚಿನ ಕೊಟ್ಟಿಗೆ ಸಾವಿರ ಪಾಲು ವಾಸಿ.

ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ನಗರ ಈ ಪಾಠವನ್ನು ಇಡೀ ಲೋಕದ ಮುಂದೆ ಕಲಿಯಿತು. ರಾಜ್ಯಕ್ಕೆ ಐವತ್ತು ತುಂಬಿದ ಸಂಭ್ರಮದಲ್ಲಿ, 1957ರ ಜೂನ್ 15ರಂದು, ಆ ಊರಿನವರು ಹೊಚ್ಚ ಹೊಸ ಪ್ಲಿಮತ್ ಬೆಲ್ವೆಡಿಯರ್ ಕಾರೊಂದನ್ನು ನ್ಯಾಯಾಲಯದ ಮುಂದಿನ ಹುಲ್ಲುಹಾಸಿನಡಿ ಕಾಂಕ್ರೀಟ್ ಕೋಣೆಯಲ್ಲಿ ಹೂತರು. ಐವತ್ತು ವರ್ಷದ ನಂತರ ತೆಗೆಯಬೇಕು. 2007ರಲ್ಲಿ ಊರಿನ ಜನಸಂಖ್ಯೆ ಎಷ್ಟಿರುತ್ತದೆಂದು ಹೆಚ್ಚು ಹತ್ತಿರ ಊಹಿಸಿದವರಿಗೆ ಕಾರು ಸಲ್ಲಬೇಕು. ಬಂಗಾರ-ಬಿಳಿ ಬಣ್ಣದ ಆ ಕಾರನ್ನು ಚೆನ್ನಾಗಿ ಸುತ್ತಿ ಕಟ್ಟಿದ್ದರು. ಮುಂದೆ ಪೆಟ್ರೋಲ್ ಸಿಗುತ್ತದೋ ಇಲ್ಲವೋ ಎಂದು ಡಬ್ಬಿಯಲ್ಲಿ ಪೆಟ್ರೋಲನ್ನೂ ಜೊತೆಗಿಟ್ಟಿದ್ದರು. ಅಣುಬಾಂಬಿಗೂ ಕೋಣೆ ಜಗ್ಗದು ಎಂಬ ನಂಬಿಕೆಯಿತ್ತು. ಐವತ್ತು ವರ್ಷ ತುಂಬುವ ಹೊತ್ತಿಗೆ ಮುಚ್ಚಳ ತೆಗೆದರೆ ಒಳಗೆ ನೀರು. ಬಿರುಕಿನಲ್ಲಿ ಇಳಿದ ನೀರಿಗೆ ಹೊರಹೋಗಲು ಜಾಗವಿರಲಿಲ್ಲ. ಮೇಲೆ ಬಂದದ್ದು ಕೆಸರು ಮೆತ್ತಿದ, ಕೈಯಿಟ್ಟರೆ ಉದುರುವ ತುಕ್ಕಿನ ಮುದ್ದೆ. ಸರಿಯಾಗಿ ಊಹಿಸಿದಾತ 1979ರಲ್ಲೇ ತೀರಿಕೊಂಡಿದ್ದ. ಕಾರು ಅವನ ಬಂಧುಗಳಿಗೆ ಹೋಯಿತು. ಆಮೇಲೆ ನ್ಯೂಜೆರ್ಸಿಯಲ್ಲಿ ವರ್ಷಗಳ ಕಾಲ ತುಕ್ಕು ಬಿಡಿಸಿದರು. ಹೊರಮೈಯ ಬಣ್ಣ ಒಂದಿಷ್ಟು ಕಂಡಿತು, ಕೆಳಗಿನ ಚೌಕಟ್ಟು ಮಾತ್ರ ಯಾವ ಭಾರವನ್ನೂ ಹೊರಲಾರದಷ್ಟು ತೆಳುವಾಗಿತ್ತು. ಅದು ಓಡುವುದಿಲ್ಲ, ಇಲಿನಾಯ್‌ನ ಮ್ಯೂಸಿಯಮ್ಮಿನಲ್ಲಿ ಹಾಗೇ ನಿಂತಿದೆ. 1998ರಲ್ಲಿ ಟಲ್ಸಾದವರು ಇನ್ನೊಂದು ಕಾರನ್ನು 2048ಕ್ಕೆಂದು ಮುಚ್ಚಿಟ್ಟರು. ಈ ಸಲ ನೆಲದ ಮೇಲೆಯೇ.

ಕಾರನ್ನು ನಿಂತ ಜಾಗದಿಂದ ಎಬ್ಬಿಸುವುದೇ ಒಂದು ಕಲೆ, ಅವಸರ ಮಾಡಿದವರು ಇಲ್ಲಿಯೇ ಹೆಚ್ಚು ಕಳೆದುಕೊಳ್ಳುತ್ತಾರೆ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಬಂಪರ್ ಹಿಡಿದು ಎಳೆದರೆ ಬಂಪರ್ ಕಿತ್ತು ಬರುತ್ತದೆ. ಬ್ರೇಕು ಡ್ರಮ್ಮಿಗೆ ಅಂಟಿರುತ್ತದೆ. ಚಕ್ರ ಉರುಳದೆ ಉಜ್ಜಿಕೊಂಡು ಬರುತ್ತದೆ. ಜಾಕನ್ನು ಬದಿಯ ಟೊಳ್ಳಿಗೆ ಕೊಟ್ಟರೆ ಕಾರು ಏಳುವುದಿಲ್ಲ, ಜಾಕು ಒಳಗೆ ಹೋಗುತ್ತದೆ. ಆಕ್ಸಲ್ಲಿಗೆ ಕೊಟ್ಟು ಎತ್ತಿ, ಡ್ರಮ್ ಸಡಿಲಿಸಿ, ಓಡುವಂಥ ಹಳೆಯ ಟೈರು ಹಾಕಿ, ಆಮೇಲೆ ಫ್ಲಾಟ್‌ಬೆಡ್ ಲಾರಿಗೆ ಮೆಲ್ಲಗೆ ಏರಿಸುವುದು ಸರಿಯಾದ ದಾರಿ. ಸುತ್ತಲಿನ ಮಣ್ಣನ್ನೂ ಕೆದಕಿ ನೋಡಬೇಕು. ಕಳಚಿ ಬಿದ್ದ ಹಿಡಿಕೆ, ಬೀಡಿಂಗು, ಲಾಂಛನದ ಅಕ್ಷರ ಅಲ್ಲೇ ಸಿಗುತ್ತವೆ. ಅಂಥ ಒಂದು ಅಕ್ಷರಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮುಂಬೈಯ ಚೋರ್ ಬಜಾರಿನವರೆಗೆ ಅಲೆದವರಿದ್ದಾರೆ. ಬಿಚ್ಚಿದ್ದನ್ನೆಲ್ಲ ಫೋಟೊ ತೆಗೆದು, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ, ಎಲ್ಲಿಯದೆಂದು ಬರೆದಿಡಬೇಕು.

ಬಹಳ ವರ್ಷ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಬೇಕು. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಹಿಡಿದಿರುತ್ತವೆ. ಬಲವಂತ ಮಾಡಿದರೆ ಗೋಡೆಯೇ ಗೀರುತ್ತದೆ. ಪ್ಲಗ್ಗು ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ಲೋ ತೆಳು ಎಣ್ಣೆಯೋ ಬಿಟ್ಟು, ಕೆಲವು ದಿನ ಸುಮ್ಮನೆ ಇದ್ದು, ಆಮೇಲೆ ಕೈಯಿಂದಲೇ ಒಂದೊಂದು ಹಲ್ಲಿನಷ್ಟು ತಿರುಗಿಸಬೇಕು. ಟ್ಯಾಂಕಿನ ಪೆಟ್ರೋಲು ಅಂಟಾಗಿರುತ್ತದೆ, ಕಾರ್ಬುರೇಟರಿನ ಜೆಟ್ಟು ಕಟ್ಟಿರುತ್ತದೆ, ಏರ್ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿರುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುವ ಜಾತಿಯದು. ಅಷ್ಟು ವರ್ಷದಲ್ಲಿ ವೀಲ್ ಸಿಲಿಂಡರುಗಳ ಒಳಗೆಲ್ಲ ಗುಳಿ ಬಿದ್ದಿರುತ್ತದೆ. ಇವೆಲ್ಲ ಆಗುವ ಕೆಲಸಗಳು. ಗೊತ್ತಿರುವವರು ಊರಿಗೊಬ್ಬರಾದರೂ ಇದ್ದಾರೆ.

ತಗಡಿನ ಕೆಲಸಕ್ಕೆ ಬಂದಾಗ ಮಾತ್ರ ಒಳ್ಳೆಯ ಕೈ ಬೇಕು, ಅದು ಅಪರೂಪ.

ಮೊದಲು ತುಕ್ಕು ಬಿಡಿಸಬೇಕು. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಕೆರೆಯುವುದು ಎಲ್ಲರೂ ಮಾಡುವ ದಾರಿ. ಮರಳು ಹೊಡೆಸುವುದು ಇನ್ನೊಂದು, ಆದರೆ ತೆಳು ತಗಡಿಗೆ ಜೋರಾಗಿ ಮರಳು ಹೊಡೆದರೆ ಅದು ಅಂಕುಡೊಂಕಾಗುತ್ತದೆ. ಬಿಡಿ ಭಾಗಗಳಿಗೆ ಸೌಮ್ಯವಾದ ಉಪಾಯಗಳಿವೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ಹತ್ತು ಪಾಲು ನೀರು ಸೇರಿಸಿ ಡ್ರಮ್ಮಿನಲ್ಲಿ ತುಂಬಿ, ತುಕ್ಕು ಹಿಡಿದ ಬ್ರಾಕೆಟ್ಟು, ಕೀಲು, ರಿಮ್ಮುಗಳನ್ನು ಅದರಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಬೂದುಬಣ್ಣದ ಉಕ್ಕು ಹೊರಬರುತ್ತದೆ. ವಾಸನೆ ಸಹಿಸಿಕೊಳ್ಳಬೇಕು. ಅಲ್ಯುಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು, ಅವನ್ನು ಅದು ತಿಂದುಹಾಕುತ್ತದೆ. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಭಾಗವನ್ನು ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿಗೂ ಒಂದು ಹಳೆಯ ಕಬ್ಬಿಣದ ತಟ್ಟೆಯನ್ನು ಪಾಸಿಟಿವ್ ತುದಿಗೂ ಕಟ್ಟುವುದು ಮತ್ತೊಂದು ವಿಧಾನ. ಅದನ್ನು ಬಯಲಲ್ಲೇ ಮಾಡಬೇಕು, ಜಲಜನಕ ಏಳುತ್ತದೆ. ತಟ್ಟೆ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಬಾರದು, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ.

ಸಂದಿಯಲ್ಲಿ ಉಳಿದ, ಕೈ ಹೋಗದ ತುಕ್ಕಿಗೆ ಟ್ಯಾನಿಕ್ ಆಸಿಡ್ ಇರುವ ದ್ರವ ಬಳಿಯುತ್ತಾರೆ. ಕಂದು ತುಕ್ಕು ನೋಡನೋಡುತ್ತ ನೀಲಿಗಪ್ಪಾಗಿ ಗಟ್ಟಿಯಾಗುತ್ತದೆ. ಇದರ ಹಿಂದಿನ ರಸಾಯನ ನಮ್ಮ ನಾಡಿಗೆ ಹಳೆಯದು. ಕಲಂಕಾರಿಯವರು ಅಳಲೆಕಾಯಿಯ ರಸದಲ್ಲಿ ಅದ್ದಿದ ಬಟ್ಟೆಯ ಮೇಲೆ, ಬೆಲ್ಲದ ನೀರಿನಲ್ಲಿ ಕೊಳೆಹಾಕಿದ ಕಬ್ಬಿಣದ ಕಷಾಯದಿಂದ ಗೆರೆ ಎಳೆದು ಅಳಿಯದ ಕಪ್ಪು ಪಡೆಯುತ್ತಿದ್ದದ್ದು ಇದೇ ಬಗೆಯಲ್ಲಿ, ಕಬ್ಬಿಣವೂ ಟ್ಯಾನಿನ್ನೂ ಕೂಡಿಯೇ.

ಆಮೇಲೆ ಕತ್ತರಿಸುವುದು. ಎಷ್ಟು ಕತ್ತರಿಸಬೇಕು ಎಂಬಲ್ಲಿಯೇ ಕೆಲಸಗಾರನ ವಿವೇಕ ಗೊತ್ತಾಗುವುದು. ತೂತಿನ ಅಂಚಿಗೆ ನಿಲ್ಲಿಸಿದರೆ ಸುತ್ತಲಿನ ತೆಳು ತಗಡು ವೆಲ್ಡಿಂಗಿನ ಶಾಖಕ್ಕೆ ಉರಿದು ತೂತು ದೊಡ್ಡದಾಗುತ್ತದೆ; ಗಟ್ಟಿ ಉಕ್ಕು ಸಿಗುವವರೆಗೆ ಹೋಗಬೇಕು, ಅದರಾಚೆ ಒಂದು ಬೆರಳೂ ಹೋಗಬಾರದು. ಒಳ್ಳೆಯ ಟಿಂಕರು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದನ್ನು 20 ಗೇಜಿನ ತಗಡಿನ ಮೇಲೆ ಗುರುತು ಮಾಡಿ, ಕಟ್ಟಿಗೆಯ ಕೊರಡಿನ ಗುಳಿಯಲ್ಲಿ ಬಡಿದು ಬಾಗು ತರುತ್ತಾನೆ. ಹಿಂದೆ ಡಾಲಿಯೆಂಬ ಕಬ್ಬಿಣದ ಗಟ್ಟಿ, ಮುಂದೆ ಸುತ್ತಿಗೆ. ಕಣ್ಣಿಗಿಂತ ಅಂಗೈ ಹೆಚ್ಚು ನೋಡುತ್ತದೆ. ಬಟ್ಟೆ ಹಿಡಿದು ಸವರಿದರೆ ಕೂದಲೆಳೆಯಷ್ಟು ಏರಿಳಿತವೂ ತಿಳಿಯುತ್ತದೆ. ಹೊಸ ತುಂಡನ್ನು ಹಳೆಯದರ ಮೇಲೆ ಹೊದಿಸಿ ಬೆಸೆಯುವುದು ಸುಲಭ, ಆದರೆ ಎರಡು ಪದರದ ನಡುವೆ ನೀರು ಕೂತು ಕೆಲವೇ ಮಳೆಗಾಲಗಳಲ್ಲಿ ಮತ್ತೆ ಕೊಳೆಯುತ್ತದೆ. ಅಂಚಿಗೆ ಅಂಚು ಕೂಡಿಸಿ ಬೆಸೆಯುವುದೇ ಸರಿ. ಒಂದೇ ಗೆರೆಯಲ್ಲಿ ಎಳೆದುಕೊಂಡು ಹೋಗುವಂತಿಲ್ಲ; ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಿದ ಮೇಲೆ ನಡುವೆ ಇನ್ನೊಂದು. ಇಲ್ಲದಿದ್ದರೆ ಇಡೀ ಬಾಗಿಲು ಸೊಟ್ಟಗಾಗುತ್ತದೆ. ಬದಿಯ ಟೊಳ್ಳನ್ನು ಕತ್ತರಿಸುವ ಮುಂಚೆ ಬಾಗಿಲ ಚೌಕದೊಳಗೆ ಕಬ್ಬಿಣದ ಪೈಪು ಅಡ್ಡ ಬೆಸೆದು ಕಾರಿನ ಆಕಾರ ಹಿಡಿದಿಡಬೇಕು. ಇದನ್ನು ಮರೆತ ಗ್ಯಾರೇಜುಗಳಲ್ಲಿ ಬಾಗಿಲೇ ಕೂರದ ಕಾರುಗಳು ಅನಾಥವಾಗಿ ನಿಂತಿವೆ.

ಪುಟ್ಟಿಯೇ ಕೂಡದು ಎನ್ನುವಂತಿಲ್ಲ. ಕೊನೆಯ ಒಂದು ಮಿಲಿಮೀಟರಿನ ಸಮಕ್ಕೆ ಅದು ಬೇಕು. ಆದರೆ ತೂತಿಗೆ ಜಾಲರಿ ಇಟ್ಟು ಅಂಗುಲಗಟ್ಟಲೆ ಮೆತ್ತಿ ಮೇಲೆ ಬಣ್ಣ ಹೊಡೆದು ಮಾರುವುದು ಕೊಳ್ಳುವವರ ಪ್ರಾಣದ ಜೊತೆ ಆಡುವ ಆಟ. ಪಟ್ಟಿ ಸ್ಪ್ರಿಂಗಿನ ಮೂಲೆ ಘಾಟಿಯ ತಿರುವಿನಲ್ಲಿ ಕಳಚಿಕೊಂಡರೆ ಹೊಳೆಯುವ ಬಣ್ಣ ಯಾರನ್ನೂ ಕಾಯುವುದಿಲ್ಲ.

ಸೀಟಿನ ರೆಕ್ಸಿನ್, ಚಾವಣಿಯ ಬಟ್ಟೆ, ಬಂಪರಿನ ಕ್ರೋಮು ಇವಕ್ಕೆಲ್ಲ ಊರೂರಲ್ಲಿ ಜನವಿದ್ದಾರೆ, ಹೆಚ್ಚು ಹೇಳಬೇಕಿಲ್ಲ. ಪೆಟ್ರೋಲಿನ ಬಗ್ಗೆ ಮಾತ್ರ ಒಂದು ಮಾತು. ದೇಶದ ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ನೀರು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹಳೆಯ ಫಿಯೆಟ್ಟಿನ ಪೆಟ್ರೋಲ್ ಪೈಪು, ಪಂಪಿನ ಪೊರೆ, ಕಾರ್ಬುರೇಟರಿನ ವಾಷರುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಬೇಕು. ಟ್ಯಾಂಕನ್ನು ಅರ್ಧ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಬಾರದು.

ಇಷ್ಟೆಲ್ಲ ಮಾಡುವವರ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಎಲ್ಲಿ ನಿಲ್ಲಿಸಬೇಕು? ಇಟಲಿ-ಸ್ವಿಟ್ಜರ್ಲೆಂಡ್ ಗಡಿಯ ಮಜ್ಜೋರೆ ಸರೋವರದಲ್ಲಿ 1925ರ ಬುಗಾಟಿ ಕಾರೊಂದು ಮುಳುಗಿತ್ತು. ಸುಂಕ ಕಟ್ಟದ ಕಾರೆಂದು ಸ್ವಿಸ್ ಸುಂಕದವರು 1930ರ ದಶಕದಲ್ಲಿ ಅದನ್ನು ನೀರಿಗಿಳಿಸಿದ್ದರು. 50 ಮೀಟರಿಗೂ ಹೆಚ್ಚಿನ ಆಳದಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಮಲಗಿದ್ದ ಕಾರನ್ನು 2009ರ ಜುಲೈನಲ್ಲಿ ಮೇಲಕ್ಕೆತ್ತಿದರು. ಕೆಸರಿನಲ್ಲಿ ಹೂತಿದ್ದ ಪಕ್ಕ ಉಳಿದಿತ್ತು, ಇನ್ನೊಂದು ಪಕ್ಕ ಬಹುಮಟ್ಟಿಗೆ ಹೋಗಿತ್ತು. 2010ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದಕ್ಕೆ 2,60,500 ಯುರೋ ಬಂತು. ಕೊಂಡ ಅಮೆರಿಕದ ಸಂಗ್ರಾಹಕ ಪೀಟರ್ ಮಲಿನ್ ಅದನ್ನು ಹೊಸದು ಮಾಡಿಸಲಿಲ್ಲ, ನೀರಿನಿಂದ ಬಂದಂತೆಯೇ ಇಟ್ಟರು. ಮಾಡಿಸಿದ್ದರೆ ಇನ್ನೊಂದು ನೀಲಿ ಬುಗಾಟಿ ಸಿಗುತ್ತಿತ್ತು, ಸರೋವರದ ಬುಗಾಟಿ ಹೋಗಿಬಿಡುತ್ತಿತ್ತು. ಅವರ ತೀರ್ಮಾನ ಸರಿ.

ಅದು ಒಂದು ತುದಿ. ಮನೆಯ ಫಿಯೆಟ್ ಓಡಬೇಕು, ಅದಕ್ಕೆ ತುಕ್ಕು ಹೋಗಲೇಬೇಕು. ಆದರೂ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ರೂಪಿಸಿದ ಟ್ಯುರಿನ್ ಸನ್ನದಿನ ತತ್ವ ಗ್ಯಾರೇಜಿನ ಗೋಡೆಗೆ ಬರೆದಿಡುವಂಥದ್ದು. ಉಳಿಸಬಹುದಾದ್ದನ್ನು ಉಳಿಸು, ಬದಲಿಸಿದ್ದನ್ನು ದಾಖಲಿಸು, ಹೊಸ ಭಾಗ ಯಾವುದೆಂದು ಮುಂದಿನವರಿಗೆ ತಿಳಿಯುವಂತೆ ಗುರುತು ಬಿಡು ಎಂಬುದು ಅದರ ಸಾರ. ನಮ್ಮ ಕಾನೂನೂ ಅದೇ ದಾರಿಯಲ್ಲಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಳೆಯ ಸಂಖ್ಯೆ ಉಳಿಸಿಕೊಳ್ಳಲು ಅವಕಾಶವಿದೆ, ಹೊಸದಾಗಿ ನೋಂದಾಯಿಸಿದರೆ ಫಲಕದಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕೆ ಇಲ್ಲ. ಆದ್ದರಿಂದ ಜಪಾನಿ ಎಂಜಿನ್ ಕೂರಿಸಿ, ದಪ್ಪ ಅಲಾಯ್ ಚಕ್ರ ಹಾಕಿ, ಬಾಡಿ ಕೊಯ್ದು ಅಗಲಿಸುವ ಮುಂಚೆ ಹತ್ತು ಸಲ ಯೋಚಿಸಬೇಕು. ಒಮ್ಮೆ ಕೊಯ್ದ ಫಿಯೆಟ್ ಮತ್ತೆ ಫಿಯೆಟ್ ಆಗುವುದಿಲ್ಲ. ಟಿಂಕರಿಗೂ ಒಂದು ಮಾತು ಹೇಳಿರಬೇಕು: ಚಾಸಿ ನಂಬರು ಕೊರೆದ ತಗಡನ್ನು ಮುಟ್ಟಬಾರದು. ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆಯುವುದು ಅಲ್ಲಿಂದಲೇ. ಅದು ಹೋದರೆ ಕಾರಿಗೆ ಹೆಸರೇ ಇಲ್ಲ.

ಮ್ಯೂಸಿಯಮ್ಮುಗಳು ಕೆಲವನ್ನು ಉಳಿಸಿವೆ. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ಬಹಳ ಕಾಲದಿಂದ ಜನ ನೋಡುತ್ತ ಬಂದಿದ್ದಾರೆ. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಮ್ಯೂಸಿಯಮ್ಮೂ ತೆರೆಯಿತು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಬೇಕು. ಆದರೆ ಮ್ಯೂಸಿಯಂ ಎಷ್ಟನ್ನು ಇಟ್ಟುಕೊಂಡೀತು? ಉಳಿದವು ಮನೆಗಳಲ್ಲೇ ಉಳಿಯಬೇಕು, ಮತ್ತು ಅವನ್ನು ರಿಪೇರಿ ಮಾಡುವ ಕೈಗಳು ಉಳಿಯಬೇಕು. ಇಂದಿನ ಗ್ಯಾರೇಜುಗಳಲ್ಲಿ ನೆಗ್ಗಿದ ಬಾಗಿಲನ್ನು ಬಡಿಯುವುದಿಲ್ಲ, ಕಳಚಿ ಹೊಸದು ಹಾಕುತ್ತಾರೆ. ರಟ್ಟಿನ ಮಾದರಿ ಕತ್ತರಿಸಿ ತಗಡಿಗೆ ಬಾಗು ತರುವ ವಿದ್ಯೆಯನ್ನು ಹುಡುಗರು ಕಲಿಯುವುದು ಕಡಿಮೆಯಾಗಿದೆ. ಅಂಥ ಒಬ್ಬ ಹಿರಿಯ ಟಿಂಕರ ಕೈಯಲ್ಲಿ ಕಾರು ಬಿಟ್ಟಾಗ ಚೌಕಾಸಿಗಿಳಿಯಬಾರದು. ಅವರು ಕೇಳಿದ ಕಾಲವನ್ನೂ ಕೂಲಿಯನ್ನೂ ಕೊಡಬೇಕು, ಸಾಧ್ಯವಾದರೆ ಪಕ್ಕದಲ್ಲಿ ಒಬ್ಬ ಹುಡುಗನನ್ನು ಕಲಿಯಲು ಕೂರಿಸಬೇಕು.

ನಿಮ್ಮ ಮನೆಯ ಹಿಂದೆ ಇಂಥದ್ದೊಂದು ಕಾರಿದ್ದರೆ, ತಗಡಿನ ತೂಕಕ್ಕೆ ದರ ಹೇಳಿಕೊಂಡು ಗುಜರಿಯವರು ಬರುವ ಮೊದಲು ಕೆಲವು ಕೆಲಸ ಮಾಡಿ. ಹಳೆಯ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಇದೆಯೇ ಹುಡುಕಿ, ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಸಂಖ್ಯೆಯಿದ್ದರೆ ಇನ್ನೂ ಜೋಪಾನ. ಪ್ಲಾಸ್ಟಿಕ್ ಟಾರ್ಪಾಲು ತೆಗೆದುಹಾಕಿ. ಆಕ್ಸಲ್ಲಿನ ಅಡಿಗೆ ಕಲ್ಲೋ ದಿಮ್ಮಿಯೋ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿ. ಬಾಗಿಲ ಕೆಳಗಿನ ತೂತುಗಳನ್ನು ಒಂದು ತಂತಿಯಿಂದ ಬಿಡಿಸಿ, ಒದ್ದೆ ಮ್ಯಾಟುಗಳನ್ನು ಹೊರಗೆ ಬಿಸಾಡಿ, ಬ್ಯಾಟರಿ ಕಳಚಿ. ಮೇಲೊಂದು ಶೀಟಿನ ಮಾಡು ಹಾಕಿ, ಬದಿಗಳನ್ನು ಗಾಳಿಗೆ ಬಿಡಿ. ಜೂನ್ ಮೊದಲ ಮಳೆಗೆ ಮುಂಚೆ ಇಷ್ಟಾದರೆ ಸಾಕು. ಟಿಂಕರನ್ನು ಹುಡುಕಲು, ಹಣ ಹೊಂದಿಸಲು ಆಮೇಲೆ ಸಮಯ ಸಿಗುತ್ತದೆ.